ಷೇರು ಕೊಳ್ಳುವ ಮೊದಲು ಕುಡಿದ ನೀರು

ಬೋರ್‌ವೆಲ್ ಗಾಡಿಗಳನ್ನು ಮಾರಿದ ದಿನ ನಾವು ನಮ್ಮ ಫೋನ್ ನಂಬರನ್ನೂ ಮಾರಿದೆವು. ನಗಬೇಡಿ, ಗಾಡಿಗಿಂತ ಹೆಚ್ಚು ಚೌಕಾಸಿ ನಡೆದದ್ದು ಆ ನಂಬರಿನ ಮೇಲೆಯೇ. ಪುತ್ತೂರಿನಿಂದ ಸುಳ್ಯದವರೆಗೆ, ಆಚೆ ಕಡಬದಿಂದ ಕೊಲ್ಲಮೊಗ್ರುವಿನ ಕಾಡಿನ ಅಂಚಿನವರೆಗೆ ಎಷ್ಟು ಕಾಂಪೌಂಡ್ ಗೋಡೆಗಳ ಮೇಲೆ, ಎಷ್ಟು ಬಂಡೆಗಳ ಮೇಲೆ ನೀಲಿ ಪೈಂಟಿನಲ್ಲಿ ಅದನ್ನು ಬರೆಸಿದ್ದೆವೋ ನಮಗೇ ಲೆಕ್ಕ ಇಲ್ಲ. ಮದುವೆಯಾಗಿ ಬಂದಂದಿನಿಂದ ಆ ಫೋನ್ ಎತ್ತುತ್ತಿದ್ದವಳು ನಾನು. ಬೇಸಿಗೆ ಬಂತೆಂದರೆ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೂ, ‘ಅಕ್ಕ, ಗಾಡಿ ಯಾವಾಗ ಸಿಗ್ತದೆ, ಬಾವಿ ಆರಿತು’ ಎನ್ನುವ ಸ್ವರ ಕಿವಿಯಲ್ಲಿ ಇರುತ್ತಿತ್ತು. ತಮಿಳುನಾಡಿನ ಪಾರ್ಟಿಗೆ ಎಲ್ಲವನ್ನೂ ಕೊಟ್ಟ ಮರುದಿನ ಮನೆ ಎಷ್ಟು ತಣ್ಣಗೆ ಇತ್ತೆಂದರೆ, ನನಗೆ ಮಂಡೆ ಸಮ ಇಲ್ಲದ ಹಾಗಾಯಿತು.

ಮಾರದೆ ಬೇರೆ ದಾರಿ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಕಡಬದ ಹತ್ತಿರ ಒಂದು ರಬ್ಬರ್ ತೋಟದಲ್ಲಿ ಬೋರ್ ಕೊರೆಸುತ್ತಿರುವಾಗ ನನ್ನ ಗಂಡ ಎದೆ ಹಿಡಿದುಕೊಂಡು ಕೂತರು. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ‘ಕಲ್ಲಿನ ಹುಡಿ, ಬಿಸಿಲು, ಟೆನ್ಷನ್ ಮೂರೂ ಇನ್ನು ಬೇಡ. ಅದು ಬಿಟ್ಟರೆ ನೀವು ಆರಾಮದಲ್ಲಿ ಇರಬಹುದು, ಎಷ್ಟು ವರ್ಷ ಬೇಕಾದರೂ’ ಎಂದರು ಡಾಕ್ಟ್ರು. ಇವರಿಗೆ ಕಂಪ್ರೆಸರ್‌ನ ಸದ್ದಿನಲ್ಲಿ ಕಿವಿ ಅರ್ಧ ಹೋಗಿದೆ. ಡಾಕ್ಟ್ರು ಹೇಳಿದ ಮೊದಲರ್ಧ ಮಾತ್ರ ಕೇಳಿತೋ ಏನೋ, ಎರಡನೆಯ ಅರ್ಧ ತಲೆಗೆ ಹೋಗಲೇ ಇಲ್ಲ. ಒಬ್ಬಳೇ ಮಗಳು. ಬೋರ್ ಗಾಡಿ ಅವಳಿಗೂ ಬೇಡ, ಅಳಿಯನಿಗೂ ಬೇಡ. ಹಾಗೆ ಮೂರು ಗಾಡಿ, ಪೈಪು ಸಾಗಿಸುವ ಲಾರಿಗಳು, ಪುತ್ತೂರಿನ ಆಫೀಸು, ನಂಬರು ಎಲ್ಲ ಹೋಯಿತು.

ಹೋದದ್ದಕ್ಕೆ ನನಗೆ ಬೇಸರ ಇರಲಿಲ್ಲ. ಜೀವ ಉಳಿಯಿತಲ್ಲ, ಸಾಕು. ಆದರೆ ಇವರು ಗಾಡಿ ಮಾರಿದ ಮರುದಿನದಿಂದ ಮನುಷ್ಯ ಊರು ಬಿಡುವ ಮೊದಲು ಗಂಟುಮೂಟೆ ಕಟ್ಟುವ ಹಾಗೆ ಮಾಡತೊಡಗಿದರು. ನನ್ನನ್ನು ಕರೆದು ತೋಟದ ಪಂಪ್ ಸ್ವಿಚ್ ಹಾಕುವುದು ಹೇಗೆಂದು ತೋರಿಸಿದರು. ‘ನಾಳೆ ನಿನಗೆ ಗೊತ್ತಿರಬೇಕು.’ ಇವರು ವಾರಗಟ್ಟಲೆ ಗಾಡಿಯ ಹಿಂದೆ ಹೋದಾಗ ಆ ಪಂಪ್ ಯಾರು ಹಾಕುತ್ತಿದ್ದರಂತೆ? ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನೂ ಹೇಳಿಕೊಟ್ಟರು. ಮೂವತ್ತು ವರ್ಷದಿಂದ ಇದೇ ಕೈಯಲ್ಲಿ ಸಿಲಿಂಡರ್ ಉರುಳಿಸಿದವಳು ನಾನು. ನನಗೆ ಮೈ ಉರಿಯಿತು. ‘ನೀವು ಎಲ್ಲಿಗೆ ಹೊರಟದ್ದು?’ ಎಂದು ಕೇಳಿದೆ. ‘ಎಲ್ಲಿಗೂ ಇಲ್ಲ, ಸುಮ್ಮನೆ ಹೇಳಿದ್ದು’ ಎಂದು ಗೇಟಿನ ಹತ್ತಿರ ಹೋಗಿ ನಿಂತರು. ಬದುಕಿಸಿ ಮನೆಗೆ ತಂದ ಗಂಡ ದಿನಕ್ಕೆ ಒಂದಿಷ್ಟು ನನ್ನ ಕಣ್ಣೆದುರೇ ಹೊರಟುಹೋಗುತ್ತಿದ್ದಾರೆ ಎಂದು ನನಗೆ ಹೆದರಿಕೆ ಆಗುತ್ತಿತ್ತು. ಹೆದರಿಕೆಯಾದರೆ ನನಗೆ ಸಿಟ್ಟು ಬರುವುದು, ಅದು ನನ್ನ ಗುಣ.

ಮಾರಿದ ದುಡ್ಡು ಬ್ಯಾಂಕಿನಲ್ಲಿ ಇತ್ತು. ಅಲ್ಲೇ ಇರಲಿ, ಬಡ್ಡಿ ಬರಲಿ ಎಂದು ನಾನೂ ಮಗಳೂ ಹೇಳಿದೆವು. ಇವರು ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, ಪೇಟೆಗಳಿಗೆ ಕುಡಿಯುವ ನೀರು ಕೊಡುವ ಒಂದು ಕಂಪೆನಿಯ ಷೇರು ತೆಗೆಯುತ್ತೇನೆ ಎಂದರು.

‘ಷೇರು ಎಲ್ಲ ನಮಗೆ ಎಂತಕ್ಕೆ ಮಾರಾಯ್ರೆ?’

‘ಬೇರೆಯದ್ದಲ್ಲ, ನೀರಿನದ್ದು. ರಬ್ಬರಿಗೆ ರೇಟು ಬಿದ್ದರೆ ಬಿತ್ತು. ಅಡಿಕೆಯದ್ದೂ ಹಾಗೆಯೇ. ನೀರು ಬೇಡ ಅಂತ ಯಾರಾದರೂ ಹೇಳುದುಂಟಾ?’

ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾವು ಇಷ್ಟು ವರ್ಷ ಅಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡವರು. ನೀರು ಬಂದರೂ ಅಡಿಗೆ ಇಷ್ಟು, ಬರೀ ಹುಡಿ ಹಾರಿದರೂ ಅಡಿಗೆ ಇಷ್ಟು. ಕಸುಬಿನ ನಿಯಮವೇ ಅದು, ತಪ್ಪೆಂದು ಯಾರೂ ಹೇಳುವುದಿಲ್ಲ. ಆದರೆ ನೀರು ಬಾರದ ಕಡೆ ದುಡ್ಡು ಎಣಿಸಿ ಕಿಸೆಗೆ ಹಾಕುವಾಗ ಇವರು ಆ ಮನೆಯವರ ಮುಖ ನೋಡುತ್ತಿರಲಿಲ್ಲವಂತೆ. ‘ಈ ಕಂಪೆನಿಯದ್ದು ಹಾಗಲ್ಲ. ಮನೆಗೆ ನೀರು ಹೋದರೆ ಮಾತ್ರ ಮೀಟರ್ ತಿರುಗುದು, ಮೀಟರ್ ತಿರುಗಿದರೆ ಮಾತ್ರ ದುಡ್ಡು’ ಎಂದರು. ಹೇಳುವಾಗ ಮುಖದಲ್ಲಿ ಒಂದು ಕಳೆ ಇತ್ತು. ಎಷ್ಟೋ ದಿನಗಳ ಮೇಲೆ ಅದನ್ನು ನೋಡಿದೆ. ಹಾಗಾಗಿ ನಾನು ಸುಮ್ಮನಾದೆ.

ಆದರೆ ಷೇರು ತೆಗೆಯುವ ಮೊದಲು ಆ ನೀರನ್ನು ಕುಡಿದು ನೋಡಬೇಕಂತೆ. ಪುತ್ತೂರಿನ ಷೇರು ಆಫೀಸಿನ ಹುಡುಗಿ ಇದನ್ನು ಕೇಳಿ ಬಾಯಿ ಬಿಟ್ಟಳು. ಅವಳು ಕಂಪ್ಯೂಟರ್ ತಿರುಗಿಸಿ ಏರುವ ಇಳಿಯುವ ಗೆರೆಗಳನ್ನು ತೋರಿಸಿದಳು. ‘ಅದೆಲ್ಲ ಇರಲಿ ಮಗಾ, ನೀರು ಹೇಗುಂಟು?’ ಎಂದು ಇವರದ್ದು ಒಂದೇ ಪ್ರಶ್ನೆ. ಅವಳಿಗೇನು ಗೊತ್ತು, ಪಾಪ. ಬೋರಿನಲ್ಲಿ ನೀರು ಚಿಮ್ಮಿದ ಕೂಡಲೇ ಕೆಸರು ಕಳೆಯುವವರೆಗೆ ಕಾದು, ಮೊದಲ ಬೊಗಸೆ ಬಾಯಿಗೆ ಹಾಕಿ, ‘ಸಿಹಿ ಉಂಟು’ ಅಥವಾ ‘ಕಬ್ಬಿಣ ಉಂಟು’ ಎಂದು ಹೇಳದೆ ಇವರು ಯಾವ ಜಾಗದಿಂದಲೂ ಗಾಡಿ ಎಬ್ಬಿಸಿದವರಲ್ಲ.

ಹಾಗೆ ನಾವಿಬ್ಬರೇ ಹೊರಟೆವು. ಕಂಪೆನಿ ನೀರು ಕೊಡುವ ಊರು ಘಟ್ಟದ ಮೇಲೆ, ಬಯಲುಸೀಮೆಯಲ್ಲಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸಿ, ಇವರು ಲಿಂಬೆಹಣ್ಣು ಹಿಡಿಸಿ ಬೆನ್ನು ಸವರುತ್ತಾ ಕೂತಿದ್ದರು. ಮದುವೆಯಾದ ಮೇಲೆ ಇಬ್ಬರೇ ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಬೇಸಿಗೆಯಲ್ಲಿ ಗಾಡಿಗೆ ಬಿಡುವಿಲ್ಲ, ಮಳೆಗಾಲದಲ್ಲಿ ಗಾಡಿ ರಿಪೇರಿ. ನಮಗೆ ಹನಿಮೂನ್ ನೀರಿನ ಕಂಪೆನಿ ಮಾಡಿಸಿತು ನೋಡಿ.

ಊರು ಮುಟ್ಟಿ, ಸಣ್ಣ ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಒಂದು ಬೀದಿಯಲ್ಲಿ ನಡೆದೆವು. ಪ್ರತಿ ಮನೆಯ ಮುಂದೆ ನೀರಿನ ಮೀಟರ್. ಇವರು ಒಂದರ ಮುಂದೆ ಕುಕ್ಕುರುಗಾಲಲ್ಲಿ ಕೂತು ಮುಳ್ಳು ತಿರುಗುವುದನ್ನು ನೋಡತೊಡಗಿದರು. ಒಳಗಿನಿಂದ ನನ್ನ ವಯಸ್ಸಿನ ಒಬ್ಬ ಹೆಂಗಸು ಬಂದಳು.

‘ಯಾರ್ ಬೇಕಾಗಿತ್ರೀ?’

‘ಒಂದು ಗ್ಲಾಸು ನೀರು ಸಿಗಬಹುದಾ?’ ಎಂದು ಕೇಳಿದರು ಇವರು.

ಅವಳು ಫಿಲ್ಟರ್ ನೀರು ತರಲು ತಿರುಗಿದಳು. ಅದು ಬೇಡ, ನಲ್ಲಿಯದ್ದೇ ಆಗಬೇಕು ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಎಂತ ಹೇಳುವುದು? ‘ಇವರಿಗೆ ಅದೇ ಅಭ್ಯಾಸ’ ಎಂದೆ. ಜಗಲಿಯಲ್ಲಿ ಕೂರಿಸಿ, ನಲ್ಲಿಯಿಂದಲೇ ಹಿಡಿದು ತಂದು ಕೊಟ್ಟಳು. ಇವರು ಒಂದು ಗುಟುಕು ಬಾಯಲ್ಲಿ ತಿರುಗಿಸಿ, ಕಣ್ಣು ಮುಚ್ಚಿ, ನುಂಗಿದರು.

‘ಹೊಳೆ ನೀರು. ಬ್ಲೀಚಿಂಗ್ ವಾಸನೆ ಸ್ವಲ್ಪ ಉಂಟು. ಅದೇನೂ ತೊಂದರೆ ಇಲ್ಲ. ಒಳ್ಳೆ ನೀರು’ ಎಂದರು. ಮತ್ತೆ ಅವಳನ್ನು ಕೇಳಿದರು, ‘ಬೇಸಿಗೆಯಲ್ಲಿ ನಿಲ್ಲುದುಂಟಾ?’

‘ಇಲ್ರೀ. ಮೊದಲು ವಾರಕ್ಕೊಮ್ಮೆ ಬರ್ತಿತ್ತು, ಕೊಡ ಹಿಡಕೊಂಡು ನಿಲ್ತಿದ್ವಿ. ಈಗ ತಿರುವಿದಾಗ ಬರ್ತೈತಿ. ಬಿಲ್ಲೂ ತಪ್ಪದ ಬರ್ತೈತಿ’ ಎಂದು ನಕ್ಕಳು. ‘ಯಾಕ ಕೇಳ್ತೀರಿ? ಈ ಊರಾಗ ಮನಿ ಮಾಡ್ತೀರೇನು?’

ಇವರು ಅವಳ ಕಡೆ ಬಗ್ಗಿ, ನನಗೆ ಕೇಳಿಸದ ಹಾಗೆ ಗುಟ್ಟಿನಲ್ಲಿ ಹೇಳಿದರು. ಕಿವಿ ಮಂದವಾದವರ ಗುಟ್ಟು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬಹುದು. ಬೀದಿಗೆಲ್ಲ ಕೇಳಿತು. ‘ಇವಳಿಗಾಗಿ ನೋಡುದು. ನಾನು ಹೋದ ಮೇಲೆ ಇವಳು ಇದರಲ್ಲಿ ಬದುಕಬೇಕಲ್ಲ. ನಿಲ್ಲುವ ನೀರಾದರೆ ಇವಳಿಗೆ ಕಷ್ಟ.’

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ದಿನ ಈ ಮನುಷ್ಯ ನನ್ನನ್ನು ಬಿಟ್ಟು ಹೊರಟಿದ್ದಾರೆ ಎಂದೇ ನಾನು ಎಣಿಸಿದ್ದು. ಹೊರಟವರು ನನ್ನನ್ನು ಎಲ್ಲಿ ಕೂರಿಸಿ ಹೋಗಲಿ ಎಂದು ಜಾಗ ಹುಡುಕುತ್ತಾ ಘಟ್ಟ ಹತ್ತಿ ಬಂದಿದ್ದರು. ಆ ಹೆಂಗಸು ಒಳಗೆ ಹೋಗಿ ಇನ್ನೊಂದು ಲೋಟ ತುಂಬಿಸಿ ತಂದು ನನ್ನ ಕೈಗೆ ಕೊಟ್ಟಳು. ‘ನೀವೂ ಕುಡೀರಿ ಅಕ್ಕಾರ. ನಿಮ್ಮ ಸಲುವಾಗಿ ಇಷ್ಟು ದೂರ ಬಂದಾರ’ ಎಂದಳು. ಕುಡಿದೆ. ಅರ್ಧ ನೀರು ಸೀರೆಯ ಮೇಲೆ ಬಿತ್ತು. ರುಚಿ ಎಂತದೆಂದು ನನಗೆ ಗೊತ್ತೇ ಆಗಲಿಲ್ಲ.

ಬರುವಾಗ ಬಸ್ಸು ಗುಂಡ್ಯದಲ್ಲಿ ಚಾಕ್ಕೆ ನಿಂತಿತು. ಇವರು ಖುಷಿಯಲ್ಲಿ ಎರಡೆರಡು ಗೋಳಿಬಜೆ ತರಿಸಿದರು. ಎಣ್ಣೆಯಲ್ಲಿ ಕರಿದದ್ದು ಇವರ ಎದೆಗೆ ಆಗದೆಂದು ನಾನು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

‘ನನಗೆ ನೀರಿನ ಕಂಪೆನಿ ಬೇಡ’ ಎಂದೆ. ‘ನನಗೆ ನೀವು ಬೇಕು.’

‘ಎಂತ?’

ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು. ಪಕ್ಕದ ಮೇಜಿನ ಲಾರಿ ಡ್ರೈವರುಗಳು ಚಾ ಕುಡಿಯುವುದನ್ನು ನಿಲ್ಲಿಸಿ ತಿರುಗಿದರು. ನನಗೆ ನಾಚಿಕೆಯಾಗಲಿಲ್ಲ. ಇವರಿಗೆ ಆಯಿತು. ತಲೆ ತಗ್ಗಿಸಿ ಚಾದ ಗ್ಲಾಸನ್ನು ತಿರುಗಿಸುತ್ತಾ, ‘ನಾನು ಎಲ್ಲಿಗೆ ಹೋಗಿದ್ದೇನೆ ಮಾರಾಯ್ತಿ, ಇಲ್ಲೇ ಇದ್ದೇನಲ್ಲ’ ಎಂದರು. ಆದರೆ ಸ್ವರದಲ್ಲಿ ಗಟ್ಟಿತನ ಇರಲಿಲ್ಲ.

ಮರುವಾರ ಪುತ್ತೂರಿನ ಷೇರು ಆಫೀಸಿಗೆ ಇಬ್ಬರೂ ಹೋದೆವು. ನೀರು ಒಳ್ಳೆದುಂಟು ಎಂದು ಇವರು ಹುಡುಗಿಗೆ ವರದಿ ಕೊಟ್ಟರು. ಎಲ್ಲ ದುಡ್ಡು ಒಂದೇ ಕಂಪೆನಿಗೆ ಬೇಡವೆಂದು ಅವಳು ಹೇಳಿದ್ದನ್ನು ಒಪ್ಪಿ, ಒಂದು ಪಾಲು ಮಾತ್ರ ನೀರಿಗೆ, ಉಳಿದದ್ದು ಬ್ಯಾಂಕಿನಲ್ಲೇ ಎಂದು ತೀರ್ಮಾನವಾಯಿತು. ಖಾತೆ ಯಾರ ಹೆಸರಲ್ಲಿ ಎಂದು ಅವಳು ಕೇಳಿದಳು.

‘ಇವಳ ಹೆಸರಲ್ಲಿ ಮಾತ್ರ. ನನ್ನದು ಬೇಡ’ ಎಂದರು ಇವರು.

‘ಇಬ್ಬರ ಹೆಸರಲ್ಲಿ ಆಗುದಿಲ್ವಾ?’ ಎಂದು ನಾನು ಕೇಳಿದೆ.

‘ಆಗ್ತದೆ ಆಂಟಿ, ಆದರೆ ರಗಳೆ. ಮತ್ತೆ ಮಾರಬೇಕಾದರೆ ಪ್ರತಿ ಸಲ ಇಬ್ಬರ ಸಹಿಯೂ ಬೇಕು. ಒಬ್ಬರದ್ದೇ ಆದರೆ ಸುಲಭ.’

‘ಆ ರಗಳೆಯೇ ಇರಲಿ.’

ಇವರು ನನ್ನ ಕೈ ಮುಟ್ಟಿದರು. ‘ಬೇಡ ಮಾರಾಯ್ತಿ. ನಾಳೆ ನಾನು...’

‘ನಾಳೆ ನೀವು ನನ್ನ ಒಟ್ಟಿಗೆ ಇಲ್ಲಿಗೆ ಬಂದು ಸಹಿ ಹಾಕಬೇಕು’ ಎಂದೆ. ‘ನೀವು ಇಲ್ಲದೆ ಒಂದು ರೂಪಾಯಿ ಮುಟ್ಟಲು ಆಗುವ ಖಾತೆ ನನಗೆ ಬೇಡ.’

ಇಷ್ಟು ಮೆಲ್ಲಗೆ ಹೇಳಿದ್ದು ಇವರಿಗೆ ಹೇಗೆ ಕೇಳಿತೋ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಹುಡುಗಿ ಕಂಪ್ಯೂಟರಿನಲ್ಲಿ ಏನೋ ಹುಡುಕುವ ಹಾಗೆ ಮಾಡಿದಳು.

‘ಮಗಾ, ಇದನ್ನು ಎಷ್ಟು ವರ್ಷ ಇಡಬೇಕು?’ ಎಂದು ಕೇಳಿದರು ಇವರು.

‘ಹತ್ತು ವರ್ಷವಾದರೂ ಇಟ್ಟರೆ ಒಳ್ಳೆದು ಅಂಕಲ್.’

‘ಹತ್ತಾ?’ ಎಂದರು. ಮತ್ತೆ ಕನ್ನಡಕ ಹಾಕಿ, ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆಸಿ, ಅವಳು ತೋರಿಸಿದ ಕಡೆಯೆಲ್ಲ ನಿಧಾನವಾಗಿ ಸಹಿ ಹಾಕಿದರು. ಪೆನ್ನು ವಾಪಸು ಕೊಟ್ಟು ನನ್ನ ಕಡೆ ತಿರುಗಿ, ‘ಮಧ್ಯಾಹ್ನದ ಮಾತ್ರೆ ಚೀಲದಲ್ಲಿ ಉಂಟಾ?’ ಎಂದು ಕೇಳಿದರು. ಆಸ್ಪತ್ರೆಯಿಂದ ಬಂದ ಮೇಲೆ, ನಾನು ಬೊಬ್ಬೆ ಹಾಕದೆ ಇವರಾಗಿಯೇ ಮಾತ್ರೆ ಕೇಳಿದ್ದು ಅಂದೇ ಮೊದಲು.