ಶೀನನಿಗೆ ಕೊಡದ ಮಹಜರು

ಎಲ್ಲ ಕಾಗದವೂ ಇದೆ ಎಂದು ನಾನು ಶೀನನಿಗೆ ಹೇಳಿದ್ದು ಸುಳ್ಳು. ಒಂದು ಇರಲಿಲ್ಲ. ಅದು ನನಗೆ ಗೊತ್ತಿತ್ತು — ಅದಕ್ಕೆ ಸಹಿ ಹಾಕಿದವನೇ ನಾನು.

ಬೈಂದೂರಿನ ಕಡಲ ಬದಿಯ ಶಾಲೆಯಲ್ಲಿ ಆಗಲೂ ಈಗಲೂ ನಾನು ಮಾಸ್ತರ. ಸಾಹುಕಾರರೊಬ್ಬರ ಬಲೆಯ ಚಪ್ಪರ ಸುಟ್ಟುಹೋದ ಬೆಳಿಗ್ಗೆ ಪೊಲೀಸರು ಸ್ಥಳ ನೋಡಿ ಸಹಿ ಹಾಕಲು ನನ್ನನ್ನು ಪಂಚನಾಗಿ ಕರೆದರು. ಬೂದಿಯಲ್ಲಿ ಸಾಹುಕಾರರದೇ ಕಾವಲುಗಾರನ ಲಾಟೀನು ಮಗುಚಿ ಬಿದ್ದಿತ್ತು, ಎಣ್ಣೆಯ ಮುಚ್ಚಳ ಕಳಚಿ. ಮಹಜರಿನಲ್ಲಿ ಹಾಗೆಯೇ ಬರೆದರು. ಓದಿ ಸಹಿ ಮಾಡಿದೆ. ಸಂಜೆ ಇನ್ನೊಂದು ಮಹಜರು ತಂದರು. ಅದರಲ್ಲಿ ಲಾಟೀನು ಇರಲಿಲ್ಲ. ಅದಕ್ಕೂ ಸಹಿ ಮಾಡಿದೆ. ಹಿಂದಿನ ದಿನ ಸಾಹುಕಾರರಿಗೆ ಎದುರಾಡಿದ್ದ ಮೀನುಗಾರ ಶೀನನ ಮೇಲೆ, ಬೆಂಕಿ ಇಟ್ಟನೆಂದು ಕೇಸಾಯಿತು.

ಮನಸ್ಸು ತಡೆಯದೆ ಕುಂದಾಪುರಕ್ಕೆ ಹೋಗಿ ಸರ್ಕಾರಿ ವಕೀಲರನ್ನು ಕೇಳಿದೆ. “ಮೊದಲಿನದೂ ಫೈಲಲ್ಲಿದೆ ಮಾಸ್ತರ್ರೇ. ಆರೋಪಿಗೆ ನಕಲು ಕೊಡಿಸೋದು ನಮ್ಮ ಕೆಲಸ. ನೀವು ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಸಿ,” ಎಂದು ನಕ್ಕರು. ನಂಬಿದೆ.

ನಕಲುಗಳು ಬಂದ ದಿನ ಶೀನ ಅವನ್ನು ನನ್ನ ಬಳಿಗೇ ತಂದ. ಊರವರ ಕಾಗದವೆಲ್ಲ ಓದುತ್ತಿದ್ದವನು ನಾನು.

“ನಂಗೆ ಅಕ್ಷರ ಅಂದ್ರೆ ಬಂಗ್ಡಿ ಮೀನ್ ಮುಳ್ಳ್ ಮಾಷ್ಟ್ರೇ, ಗಂಟ್ಲಗೆ ಸಿಕ್ಕತ್ತ್. ನೀವೇ ಕಾಣಿ. ಎಲ್ಲ ಇತ್ತಾ?”

ಎರಡು ಸಲ ತಿರುವಿ ಹಾಕಿದೆ. ಮೊದಲನೆಯ ಮಹಜರು ಇರಲಿಲ್ಲ. ಸರ್ಕಾರಿ ವಕೀಲರು ನನ್ನನ್ನು ವಂಚಿಸಿದ್ದರು — ಅದು ತಿಳಿದ ಗಳಿಗೆಯಲ್ಲೇ...

“ಎಲ್ಲ ಇತ್ತ್,” ಎಂದೆ.

ಹೆದರಿದ್ದೆ; ಸರ್ಕಾರದ ಸಂಬಳದವನು. ಇದು ಕಾರಣ, ಸಮರ್ಥನೆಯಲ್ಲ. ಕೋರ್ಟಿನಲ್ಲಿ ಶೀನನ ವಕೀಲರು ಲಾಟೀನಿನ ಬಗ್ಗೆ ಕೇಳಲಿಲ್ಲ. ಹೇಗೆ ಕೇಳಿಯಾರು? ಸಾಕ್ಷಿ ಹೇಳಲು ನಿಂತ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೆಳಗಿಳಿದೆ. ಆರೋಪಿಯ ಕಟಕಟೆಯಿಂದ ಶೀನ ನನಗೆ ಕೈ ಮುಗಿದ — ಮಾಸ್ತರರು ಸತ್ಯ ಹೇಳಿದರೆಂದು. ಎರಡು ವರ್ಷ ಸಜೆಯಾಯಿತು.

ಅವನು ಬಿಡುಗಡೆಯಾಗಿ ಬಂದ ಮೇಲೂ ಬಹಳ ಕಾಲ ಸುಮ್ಮನಿದ್ದೆ. ಹೋದ ವಾರ ಎಲ್ಲ ಹೇಳಿದೆ, ಸರ್ಕಾರಿ ವಕೀಲರ ಮೋಸವನ್ನೂ. ಬಲೆ ಹೆಣೆಯುತ್ತಿದ್ದವನು ಕೈ ನಿಲ್ಲಿಸಿದ. ಬೈಯಲಿ ಎಂದು ಕಾದೆ.

“ಆ ವಕೀಲ್ರ್ ನಂಗೆ ಯಾರ್ ಮಾಷ್ಟ್ರೇ? ನಾ ತೋರ್ಸಿದ್ದ್ ನಿಮ್ಗೆ.”

ಅಷ್ಟೇ. ಮತ್ತೆ ಬಲೆಗೆ ಬಾಗಿದ.

ಆ ಬೆಳಿಗ್ಗೆ ಕಂಡದ್ದು, ಎರಡೂ ಮಹಜರು, ನನ್ನ ಎರಡೂ ಸಹಿ — ಎಲ್ಲ ಬರೆದಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೋಗಿ ಅವನ ವಕೀಲರ ಕೈಗೆ ಕೊಡುತ್ತೇನೆ. ಸಜೆಯ ಎರಡು ವರ್ಷ ಅವನಿಗೆ ಮರಳುವುದಿಲ್ಲ, ಹೆಸರಾದರೂ ಮರಳೀತು. ನನ್ನ ಕೆಲಸ ಹೋದೀತು, ಹೋಗಲಿ. ಯಾರಾದರೂ ಕೇಳಲಿ ಎಂದು ಇನ್ನು ಕಾಯುವುದಿಲ್ಲ.