ಎಲ್ಲರ ಉಳುಕು ಬಿಡಿಸುವವನ ಸೊಂಟ

ಗಂಗಾವತಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಇನ್ನೂ ನಸುಕು. ಹಮಾಲರ ಗ್ಯಾಂಗಿನ ಮೇಸ್ತ್ರಿ ಹಾಜಿಸಾಬ ಖಾಲಿ ಚೀಲ ಹಾಸಿಕೊಂಡು ಬೋರಲು ಮಲಗಿದ್ದಾರೆ. ನವಲಿಯ ಹಮಾಲ ಯಮನೂರಪ್ಪ ಹಿಮ್ಮಡಿಯಿಂದ ಅವರ ಸೊಂಟವನ್ನು ಮೆಲ್ಲಗೆ ಒತ್ತುತ್ತಾರೆ. "ಏಳಪಾ ಏಳು, ಮಕ್ಕೊಳ್ಳಾಕ ಹಾಸಿಲ್ಲ" ಎಂದು ಗದರುತ್ತಾರೆ. ಹಿಂದೆ ಇನ್ನೂ ನಾಲ್ವರು ಕಾದಿದ್ದಾರೆ.

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತದೆಂಬುದು ಈ ಕಡೆಯ ನಂಬಿಕೆ. ಯಮನೂರಪ್ಪ ಹುಟ್ಟಿದ್ದು ಹಾಗೆ. ಉಳುಕು ಹೋಗುತ್ತದೋ ಬಿಡುತ್ತದೋ, ಎದ್ದವರ ಮುಖಕ್ಕೆ ಕಳೆ ಬರುವುದನ್ನಂತೂ ನಾನೇ ನೋಡಿದೆ. ಆಮೇಲೆ ಎಲ್ಲರಂತೆ ಇವರೂ ಬೆನ್ನು ಬಗ್ಗಿಸಬೇಕು. ಇಬ್ಬರು ಎತ್ತಿ ಹೊರಿಸುವ ಐವತ್ತು ಕಿಲೋ ಚೀಲದೊಂದಿಗೆ ಹಲಗೆಯ ಮೇಲೆ ನಡೆದು ಲಾರಿ ಹತ್ತಬೇಕು. ದಿನಕ್ಕೆ ಹತ್ತಿರ ಹತ್ತಿರ ಇನ್ನೂರು ಚೀಲ, ಅದೂ ಮೀಸೆ ಮೂಡಿದಾಗಿನಿಂದ.

ಅಯ್ಯೋ, ಆ ಸೊಂಟ ಉಳಿದೀತೇ? ಈಗ ಎಡಗಾಲು ಜೋಮು ಹಿಡಿಯುತ್ತದೆ. ಅಂಗಿಯೊಳಗೆ ಹೆಂಡತಿಯ ಹಳೆ ಸೀರೆ ಹರಿದು ಸೊಂಟಕ್ಕೆ ಬಿಗಿದುಕೊಂಡಿದ್ದಾರೆ. "ರಾತ್ರಿ ಮಗ್ಗಲಾ ಬದಲಸಾಕ ಆಗಂಗಿಲ್ರಿ, ನಾನ ಹಿಡದು ಹೊಳ್ಳಸ್ತೀನಿ" ಎನ್ನುತ್ತಾರೆ ಹೆಂಡತಿ ಹನುಮಂತಮ್ಮ. ಎಲುಬಿನ ನಡುವಿನ ಗಾದಿ ಸವೆದು ನರ ಒತ್ತುತ್ತಿದೆ, ಇನ್ನು ಭಾರ ಹೊತ್ತರೆ ಕಾಲೇ ಬಿದ್ದುಹೋದೀತು ಎಂದು ಕೊಪ್ಪಳದ ಡಾಕ್ಟರು ಹೇಳಿಯಾಗಿದೆ. ದುಡಿದು ಸೊಂಟ ಕಳೆದುಕೊಂಡ ಗಂಡಸರು ಜಗತ್ತಿನ ತುಂಬ ಇದ್ದಾರೆ. ಅವರ ನರಳಾಟ ಮಾತ್ರ ಮನೆಯ ಗೋಡೆ ದಾಟುವುದಿಲ್ಲ.

ಇಷ್ಟಾದರೂ ಗ್ಯಾಂಗಿಗೆ ಇದು ಗೊತ್ತಿಲ್ಲ! ನನಗೆ ಸಿಟ್ಟೇ ಬಂತು. ಚೀಲದ ಬಾಯಿ ಹೊಲಿಯುವ ಹಗುರ ಕೆಲಸ ಇದೇ ಗಿರಣಿಯಲ್ಲಿ ಖಾಲಿ ಇದೆ. ಗ್ಯಾಂಗಿನವರು ಒಪ್ಪಿದರೆ ಸಾಕು, ನಾಳೆಯೇ ಸಿಗುತ್ತದೆ. ಕೇಳಲು ಏನು ಧಾಡಿ?

"ಹೆಂಗ ಕೇಳ್ಲಿ ಸರ? ಎಲ್ಲಾರ ಸೊಂಟ ನೆಟ್ಟಗ ಮಾಡಾಂವಂದ ಸೊಂಟ ಹೋಗೇತಿ ಅಂದ್ರ ಯಾರು ನಂಬ್ತಾರ? ಮೈಗಳ್ಳ ಅಂತಾರ. ಕೂಲಿ ಎಲ್ಲಾರಿಗೂ ಸಮಾ ಹಂಚ್ತಾರ್ರಿ. ನಾ ಕಡಿಮಿ ಹೊತ್ರ ಅವರ ಬೆವರು ತಿಂದಂಗ."

ಹಾಗಾದರೆ ಪತ್ರಿಕೆಯಲ್ಲಿ ಹೆಸರು ಬಿಟ್ಟು ಬರೆಯುತ್ತೇನೆ ಎಂದೆ. ಯಮನೂರಪ್ಪ ತಲೆ ಅಲ್ಲಾಡಿಸಿದರು.

"ಬ್ಯಾಡ್ರಿ, ಹೆಸರು ಹಾಕೇ ಬರೀರಿ. ಹಾಜಿಸಾಬ ರವಿವಾರ ಚಾದಂಗಡ್ಯಾಗ ಪೇಪರ್ ಓದ್ತಾನ. ನನ್ನ ಬಾಯಿಲೆ ಹೇಳಾಕ ಆಗವಲ್ದು."