ಯಂತ್ರದೊಳಗೆ ಒಂಬತ್ತು ರೊಟ್ಟಿ

ದುರುಗಮ್ಮ ಸುಮ್ಮನೆ ಕೂತದ್ದನ್ನು ಕಂಡವರು ರಾಯಚೂರಿನ ಆ ಓಣಿಯಲ್ಲಿ ಯಾರೂ ಇರಲಿಲ್ಲ. ಮದುವೆಗೆ ಕರೆದರೆ ಚಾಪೆಯ ಮೇಲೆ ಕೂಡದೆ ನೇರ ಅಡುಗೆಯವರ ಕಡೆ ನಡೆಯುವಳು. ಸತ್ತವರ ಮನೆಗೆ ಹೋದರೂ ಅಷ್ಟೇ, ಅತ್ತು ಮುಗಿಸಿ ಕೊಡ ಹಿಡಿದು ನೀರಿಗೆ ಹೊರಡುವಳು. “ಎಂಥಾ ದುಡಿಯೋ ಜೀವ ನೋಡ್ರಿ” ಎಂದು ಜನ ಹೊಗಳುತ್ತಿದ್ದರು. ಹೊಗಳಲಿ ಬಿಡಿ, ಜನಕ್ಕೇನು ಗೊತ್ತು? ಎರಡು ವರ್ಷದಿಂದ ಆ ದುಡಿಮೆಯ ಹಿಂದೆ ಒಂದು ಗುಟ್ಟಿತ್ತು. ಸುಮ್ಮನೆ ಇಟ್ಟರೆ ದುರುಗಮ್ಮನ ಬಲಗೈ ನಡುಗುತ್ತಿತ್ತು.

ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ತಿಕ್ಕುತ್ತ, ದೀಪಕ್ಕೆ ಬತ್ತಿ ಹೊಸೆದ ಹಾಗೆ, ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ಅದೇ ಕೈ ಜೋಳದ ಹಿಟ್ಟಿನ ಮೇಲೆ ಬಿತ್ತೋ, ನಡುಕ ಮಾಯ. ಟಪ್ ಟಪ್ ಎಂದು ಬಡಿಯುತ್ತ ತಿರುಗಿಸುತ್ತ ಹೋದರೆ ರೊಟ್ಟಿ ಗುಂಡಗೆ, ತೆಳ್ಳಗೆ, ಅಂಚು ಒಡೆಯದಂತೆ ಹರಡುತ್ತಿತ್ತು. ಬಡಿಯುವಾಗ ಸ್ವಲ್ಪ ತಡವಾಗುತ್ತಿತ್ತು, ನಿಜ. ಆದರೆ ರೊಟ್ಟಿ ತಿನ್ನುವವರಿಗೆ ಅದೆಲ್ಲಿ ಗೊತ್ತಾಗಬೇಕು!

ಗಬ್ಬೂರಿನಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು ದುರುಗಮ್ಮ. ಗಂಡ ಹೋದ ಮೇಲೆ ಕೈ ಹಿಡಿದದ್ದು ರೊಟ್ಟಿ. ಪಕ್ಕದ ಮನೆಯ ಮುನ್ನೀ ಬೀ ಜೊತೆಯಾದಳು. ಇವಳು ಬಡಿಯುವುದು, ಅವಳು ಹಂಚಿನ ಮೇಲೆ ಬೇಯಿಸುವುದು. ಹಾಸ್ಟೆಲ್ಲಿಗೂ ಖಾನಾವಳಿಗೂ ಹದಿನೆಂಟು ವರ್ಷದಿಂದ ಇವರದೇ ರೊಟ್ಟಿ. ಆ ಒಲೆಯ ಮುಂದೆಯೇ ಮಗಳು ಶಶಿಕಲಾ ಓದಿ, ಮಾನ್ವಿಯಲ್ಲಿ ಸರ್ಕಾರಿ ಶಾಲೆಯ ಟೀಚರಾದಳು.

ಕೈಯ ಸಂಗತಿ ಮೊದಲು ತಿಳಿದದ್ದು ಮುನ್ನೀ ಬೀಗೆ. ಆಕೆ ಒಂದು ಮಾತೂ ಕೇಳಲಿಲ್ಲ. ಕಡೆಯ ರೊಟ್ಟಿ ಹಂಚಿಗೆ ಬೀಳುತ್ತಲೇ ಒಂದು ಬುಟ್ಟಿ ಬೆಳ್ಳುಳ್ಳಿ ತಂದು ದುರುಗಮ್ಮನ ಮುಂದೆ ಸುರಿಯುವಳು. “ತಗೋಬೇ, ಬಿಡಸು. ನನಗ ಉಗುರು ಉರೀತಾವ.” ಮುನ್ನೀ ಬೀಯ ಮನೆಯಲ್ಲಿ ಅಷ್ಟು ಬೆಳ್ಳುಳ್ಳಿ ತಿನ್ನುವವರು ಯಾರಿದ್ದರು? ಆ ಮುದುಕಿಯ ಮನಸ್ಸು ಬೆಣ್ಣೆ.

ಗುಟ್ಟು ರಟ್ಟಾದದ್ದು ಬಸ್ಸಿನಲ್ಲಿ. ದೇವದುರ್ಗದಲ್ಲಿ ನೆಂಟರ ಮದುವೆ ಮುಗಿಸಿ ತಾಯಿ ಮಗಳು ಒಂದೇ ಸೀಟಿನಲ್ಲಿ ಬರುತ್ತಿದ್ದರು. ಸೆರಗಿನೊಳಗೆ ಮುಚ್ಚಿದ್ದ ತಾಯಿಯ ಕೈ ಶಶಿಕಲಾಳ ಮೊಣಕೈಗೆ ತಾಗುತ್ತಲೇ ಇತ್ತು. ರಸ್ತೆ ಅಂಥದ್ದು, ಬಸ್ಸು ಕುಲುಕುತ್ತದೆ ಎಂದುಕೊಂಡಳು. ಕಲ್ಮಲದಲ್ಲಿ ಡ್ರೈವರ್ ಇಂಜಿನ್ ಆರಿಸಿ ಚಹಾಕ್ಕೆ ಇಳಿದ. ಬಸ್ಸು ನಿಂತಿತು. ಕೈ ನಿಲ್ಲಲಿಲ್ಲ.

ಮರುದಿನವೇ ಆಸ್ಪತ್ರೆ. ಪಾರ್ಕಿನ್ಸನ್ ಎಂದರು, ಗುಳಿಗೆ ಬರೆದರು. ಅಲ್ಲಿಯೇ ಡಾಕ್ಟರ್ ಸೂಫಿಯಾ ಸಿಕ್ಕಿದ್ದು. ಆಕೆ ಮಾನ್ವಿಯವಳು. ಕೈಕಾಲಿನ ಆಟ ತಪ್ಪುವ ಇಂಥ ಕಾಯಿಲೆಗಳಲ್ಲಿ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಹೇಗೆ ಬದಲಾಗುತ್ತದೆ ಎಂದು ಸ್ಕ್ಯಾನ್ ಮಾಡಿ ಅಭ್ಯಾಸ ಮಾಡುತ್ತಿದ್ದಳು. ದುರುಗಮ್ಮನನ್ನೂ ಕೇಳಿದಳು. ಅಮ್ಮ ಒಪ್ಪುವ ಮೊದಲೇ ಮಗಳು ಆಗಲಿ ಎಂದು ತಲೆಯಾಡಿಸಿದಳು.

“ಫೋಟೋ ಬರ್ಲಿ ಯವ್ವಾ. ಆಮ್ಯಾಲ ಒಲಿ ಆರಿಸಿ ನನ್ನ ಕೂಡ ಮಾನ್ವಿಗಿ ನಡಿ. ಕೈ ಕಟ್ಟಿಕೊಂಡು ಆರಾಮ ಕೂಡು” ಎಂದಳು ಶಶಿಕಲಾ.

ಮಗಳು ಪ್ರೀತಿಯಿಂದಲೇ ಅಂದದ್ದು. ತಾಯಿಗೆ ಕೇಳಿಸಿದ್ದು ಬೇರೆ. ಆ ಫೋಟೋದಲ್ಲಿ ಕೈ ನಡುಗಿದ್ದು ಕಂಡರೆ ತನ್ನ ಒಲೆಯ ಕತೆ ಮುಗಿಯಿತು ಎಂದು ದುರುಗಮ್ಮ ತಿಳಿದಳು. ಸಾಲದ್ದಕ್ಕೆ, ಸ್ಕ್ಯಾನಿನ ದಿನ ಬೆಳಗಿನ ಗುಳಿಗೆ ನುಂಗಬಾರದಂತೆ. ಗುಳಿಗೆ ಇಲ್ಲದಿದ್ದರೆ ಕೈ ಇನ್ನಷ್ಟು ನಡುಗುತ್ತದೆ, ತಾನಾಗಿ ಸಿಕ್ಕಿಬಿದ್ದಂತೆಯೇ ಆಯಿತಲ್ಲ!

ಆ ದಿನ ಕಿವಿಯ ಬೆಂಡೋಲೆ ತೆಗೆಸಿ, ಹಸಿರು ನಿಲುವಂಗಿ ತೊಡಿಸಿ, ಕಿವಿಗೆ ಹತ್ತಿ ತುರುಕಿ, ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಮೇಲೊಂದು ಹೊದಿಕೆ. “ಎಂಟು ನಿಮಿಷ ಸುಮ್ಮನ ಮಲಗ್ರಿ ಅವ್ವಾ. ಏನೂ ಮಾಡಬ್ಯಾಡ್ರಿ” ಎಂದಳು ಸೂಫಿಯಾ. ಎಂಟು ನಿಮಿಷ! ಐವತ್ತೆಂಟು ವರ್ಷದಲ್ಲಿ ಎಚ್ಚರವಿದ್ದು ಏನೂ ಮಾಡದೆ ಎಂಟು ನಿಮಿಷ ಮಲಗಿದ್ದು ಆಕೆಗೆ ನೆನಪಿರಲಿಲ್ಲ. ಬೆರಳು ಆಗಲೇ ಬತ್ತಿ ಹೊಸೆಯತೊಡಗಿತ್ತು. ಅಷ್ಟರಲ್ಲಿ ಯಂತ್ರ ಸದ್ದು ಮಾಡತೊಡಗಿತು. ಟಕ್ ಟಕ್ ಟಕ್ ಟಕ್. ಒಂದೇ ಲಯ. ದುರುಗಮ್ಮನಿಗೆ ಆ ಸದ್ದು ಎಲ್ಲೋ ಕೇಳಿದಂತೆಯೇ ಇತ್ತು.

ಒಂದು ವಾರದ ಮೇಲೆ ಸೂಫಿಯಾ ತಾಯಿ ಮಗಳಿಬ್ಬರನ್ನೂ ಕರೆಸಿದಳು. ಹುಬ್ಬು ಗಂಟಿಕ್ಕಿತ್ತು.

“ಅವ್ವಾ, ಸಿಟ್ಟು ಮಾಡಂಗಿಲ್ಲ. ಖರೇ ಹೇಳ್ರಿ. ಒಳಗ ಏನ್ ಮಾಡಿದ್ರಿ?”

ದುರುಗಮ್ಮ ನೆಲ ನೋಡಿದಳು. “ರೊಟ್ಟಿ ಬಡದೆ ಡಾಕ್ಟ್ರವ್ವಾ.”

“ಎಲ್ಲಿ?”

“ನಿಮ್ಮ ಮಿಷನ್‌ನ್ಯಾಗ. ಚಾದರದ ಬುಡಕ, ತೊಡಿ ಮ್ಯಾಲ. ಬೆರಳಿನ ತುದೀಲೆ, ಮೆಲ್ಲಕ. ಒಂಬತ್ತಾದ್ವು. ಹತ್ತನೇದು ಅರ್ಧ ಆಗಿತ್ತು, ನೀವು ಹೊರಗ ಎಳದ್ರಿ.”

ಸೂಫಿಯಾ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ಪರದೆಯನ್ನು ಇವರ ಕಡೆ ತಿರುಗಿಸಿದಳು. ಬೂದು ಬಣ್ಣದ ಮೆದುಳಿನ ಚಿತ್ರದಲ್ಲಿ ಎರಡೂ ಪಕ್ಕ ಕೆಂಪು ಬಣ್ಣ ಹೊತ್ತಿಕೊಂಡಿತ್ತು. “ಇವು ನಿಮ್ಮ ಎರಡು ಕೈ ನಡೆಸೋ ಜಾಗ ಅವ್ವಾ. ನೀವು ಸುಮ್ಮನ ಮಲಗೀರಿ ಅಂತ ನಾ ತಿಳದಿದ್ದೆ. ಇಲ್ಲಿ ನೋಡಿದ್ರ ಸಂತಿ ನಡದದ! ಆದ್ರ ಹಿಂಗ್ಯಾಕ ಮಾಡಿದ್ರಿ?”

“ಕೈ ನಡಗಿದ್ರ ನೀವು ಬರದುಬಿಡ್ತೀರಿ. ಈಕಿ ಒಲಿ ಆರಿಸಿಬಿಡ್ತಾಳ.” ದುರುಗಮ್ಮನ ದನಿ ಸಣ್ಣದಾಯಿತು. “ಒಲಿ ಆರಿದ್ರ ಸುಮ್ಮನ ಕೂಡಬೇಕಾಗ್ತದ. ಸುಮ್ಮನ ಕುಂತ್ರ ಕೈ ನಡಗ್ತದ. ಬಡಿಯೂವಾಗ ಅಷ್ಟ ಇದು ನನ್ನ ಕೈ. ಉಳಿದಾಗ ಯಾರ್ದೋ ಏನೋ.”

ದಿನಾ ಎರಡನೇ ತರಗತಿಯ ಮಕ್ಕಳಿಗೆ ಕೈ ಕಟ್ಟಿ ಕೂಡ್ರಿ ಎನ್ನುವ ತಾನು, ತಾಯಿಗೂ ಅದನ್ನೇ ಹೇಳಿದ್ದೆನಲ್ಲ ಎಂದು ಶಶಿಕಲಾ ನಾಚಿದಳು.

ಸೂಫಿಯಾ ಕುರ್ಚಿ ಹತ್ತಿರ ಎಳೆದುಕೊಂಡಳು. “ಕೆಲಸ ಮಾಡಬೇಕೋ ಬ್ಯಾಡೋ ಅಂತ ಈ ಫೋಟೋ ಹೇಳಂಗಿಲ್ಲ ಅವ್ವಾ. ಕೈಲಾದಷ್ಟು ದಿನ ರೊಟ್ಟಿ ಬಡೀರಿ, ಮೈಗೂ ಛಲೋ. ನನಗ ಬೇಕಾದದ್ದು ಬ್ಯಾರೆ. ನಮ್ಮ ಓಣಿಯವರು ಕೆಲಸ ಇಲ್ಲದಾಗ್ಲೂ ಕಟ್ಟಿ ಮ್ಯಾಲ ಕುಂತು ಮಾತಾಡ್ತಾರಲ್ಲ, ಮೆದುಳಿನ ಜಾಗಾನೂ ಹಂಗ ಮಾತಾಡ್ತಾವ. ಈ ಜಡ್ಡಿನ್ಯಾಗ ಯಾರ್‍ಯಾರು ಮಾತು ಬಿಟ್ಟಾರ ಅಂತ ನೋಡಬೇಕು. ಎಷ್ಟೋ ಮಂದೀದು ಕೂಡಿಸಿ ನೋಡಿದ ಮ್ಯಾಲ ಏನರ ತಿಳೀಬಹುದು. ನಿಮಗ ಇದರಿಂದ ಗುಣ ಆಗ್ತದಂತ ನಾ ಸುಳ್ಳು ಹೇಳಂಗಿಲ್ಲ.”

“ಹಂಗಾರ ನನ್ನ ಫೋಟೋ ಕೆಟ್ಟುಹೋತಲ್ಲ?”

“ಕೆಟ್ಟದ. ಮತ್ತೊಮ್ಮಿ ಮಲಗ್ತೀರೇನು? ತಲಿ ಅಲಗಬಾರದು, ರೊಟ್ಟಿ ಬಡೀಬಾರದು, ಅಷ್ಟ. ಕೈ ನಡಗಿದ್ರ ನಡಗಲಿ.”

ದುರುಗಮ್ಮ ಮಗಳ ಮುಖ ನೋಡಿದಳು. “ಒಲಿ ನಿಂದು ಯವ್ವಾ. ನಾ ಮುಟ್ಟಂಗಿಲ್ಲ” ಎಂದಳು ಶಶಿಕಲಾ. “ಆದ್ರ ನನ್ನ ಮುಂದ ಕೈ ಮುಚ್ಚಿಡಬ್ಯಾಡ.”

ಎರಡನೆಯ ಸಲ ದುರುಗಮ್ಮ ಒಳಗೆ ಮಲಗಿದಾಗ ಯಂತ್ರ ಹಾಗೆಯೇ ಟಕ್ ಟಕ್ ಎಂದು ಕರೆಯಿತು. ಅಂಗೈ ತೊಡೆಯ ಮೇಲೆ ಒಮ್ಮೆ ಎದ್ದಿತು. ಆಕೆ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಬೆರಳುಗಳು ಹೊಸೆಯತೊಡಗಿದವು. ಎರಡು ವರ್ಷ ಎಲ್ಲೆಲ್ಲೋ ಬಚ್ಚಿಟ್ಟಿದ್ದ ಕೈಯನ್ನು ಮೊದಲ ಸಲ ಅದರ ಪಾಡಿಗೆ ಬಿಟ್ಟಳು. ನಾಚಿಕೆಯಾಯಿತು, ಆಮೇಲೆ ಅಯ್ಯೋ ಅನಿಸಿತು, ಕಡೆಗೆ ಏನೂ ಅನಿಸಲಿಲ್ಲ. ಎಂಟು ನಿಮಿಷ ಮುಗಿದದ್ದೇ ತಿಳಿಯಲಿಲ್ಲ.

ಮಧ್ಯಾಹ್ನ ಮಗಳನ್ನು ಮಾನ್ವಿಯ ಬಸ್ಸಿಗೆ ಹತ್ತಿಸಲು ಬಸ್ ನಿಲ್ದಾಣಕ್ಕೆ ಬಂದಳು. ಬಸ್ಸು ತಡವಿತ್ತು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ದುರುಗಮ್ಮನ ಬಲಗೈ ಸೆರಗಿನ ಹೊರಗೆ, ಮಡಿಲಲ್ಲಿ, ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಳ್ಳಿಯ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟಳು.

“ಯಾಕಬೇ ಯವ್ವಾ, ಕೈ ಹಿಂಗ ನಡಗಾಕತ್ತದ?”

ದುರುಗಮ್ಮ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು.

“ಇವತ್ತ ಅದಕ್ಕ ರೊಟ್ಟಿ ಕೆಲಸ ಇಲ್ಲ, ಸೂಟಿ ಕೊಟ್ಟೀನಿ ತಂಗಿ” ಎಂದಳು. “ಸುಮ್ಮನ ಕೂಡೋದು ಈಗೀಗ ಕಲ್ಯಾಕತ್ತದ.”